ಬೆಳಕಿಗೆ ಬೆನ್ನು

ಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಹುಣಸೂರಿನ ಬಸ್ಸಿನಿಂದ ಇಳಿದು ಅಂತರಸಂತೆಯ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತ ಮೇಲೆ ಪ್ರಭುಸ್ವಾಮಿಗೆ ಒಂದು ವಿಷಯ ಹೊಳೆಯಿತು. ಬೇಡವೆಂದು ಹೇಳಲು ಯಾರ ಮನೆಗೆ ಹೊರಟಿದ್ದಾನೋ ಆ ಹುಡುಗಿಯ ಮುಖವೇ ಅವನಿಗೆ ನೆನಪಿಲ್ಲ. ಶಾಂತಲಾ ಎಂಬ ಹೆಸರು ನೆನಪಿದೆ. ಅವಳ ಹಿಂದಿದ್ದ ಕಿಟಕಿ ನೆನಪಿದೆ, ಕಿಟಕಿಯ ಕಂಬಿಗಳು ಕೆಂಪು ಗಾರೆ ನೆಲದ ಮೇಲೆ ಚೆಲ್ಲಿದ್ದ ಉದ್ದುದ್ದ ನೆರಳು ನೆನಪಿದೆ, ಮನೆಮಂದಿಯೆಲ್ಲ ಚಾಪೆಯ ಮೇಲೆ ಒತ್ತೊತ್ತಾಗಿ ಕೂತಿದ್ದರೂ ಯಾರೂ ಕೂರದೆ ಬಿಟ್ಟಿದ್ದ ಒಂದು ಮರದ ಕುರ್ಚಿ ನೆನಪಿದೆ. ಮುಖ ಇರಬೇಕಾದ ಕಡೆ ಮಾತ್ರ ಬರೀ ಕಪ್ಪು. ಹೋದ ವಾರ ಅವಳ ಮುಂದೆ ಉಪ್ಪಿಟ್ಟು ಮುಗಿಯುವಷ್ಟು ಹೊತ್ತು, ಆಮೇಲೆ ಕಾಫಿ ಆರುವಷ್ಟು ಹೊತ್ತು ಕೂತಿದ್ದವನು, ಕಣ್ಣು ಕೀಳದೆ ನೋಡಿದವನು, ನೋಡಿದ್ದಾದರೂ ಏನನ್ನು? ಹುಣಸೂರಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರಿಗೆ ಹೋದ ವಾರದ ಸಂಗತಿಯೇ ಮರೆತುಹೋಗುವುದು ನಾಚಿಕೆಗೇಡು ಅನ್ನಿಸಿತು. ಹೋಗಲಿ, ಬೇಡವೆನ್ನುವುದಕ್ಕೆ ಮುಖ ಯಾಕೆ ಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವಾಗಲಿಲ್ಲ.

ಎಲ್ಲಕ್ಕೂ ಮೂಲ ಬೇಸಿಗೆ ರಜೆಯಲ್ಲಿ ಮೈಸೂರಿನಲ್ಲಿ ನಡೆದ ಆ ಸಿನಿಮಾ ಶಿಬಿರ. ಅದಕ್ಕೆ ಮುಂಚೆ ಅವನೂ ಎಲ್ಲರಂತೆ ಸಿನಿಮಾ ನೋಡುತ್ತಿದ್ದ. ನಾಯಕ ಹೊಡೆದರೆ ಖುಷಿಪಡುತ್ತಿದ್ದ, ತಾಯಿ ಅತ್ತರೆ ಕತ್ತಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಶಿಬಿರದ ಗುರುಗಳು, ಜುಬ್ಬದ ತೋಳು ಮಡಚಿ ಮಡಚಿ ಮಾತಾಡುವವರು, ಅಷ್ಟಕ್ಕೂ ಬೆಂಕಿ ಹಾಕಿದರು. ಕಥೆ ಮುಖ್ಯವಲ್ಲ, ಕ್ಯಾಮೆರಾ ಎಲ್ಲಿ ನಿಂತಿದೆ ನೋಡಿ ಎಂದರು. ಮೇಲಿನಿಂದ ತೋರಿಸಿದರೆ ಮನುಷ್ಯ ಕುಗ್ಗುತ್ತಾನೆ, ಕೆಳಗಿನಿಂದ ತೋರಿಸಿದರೆ ಹಿಗ್ಗುತ್ತಾನೆ. ಕಂಬಿ ಕಂಡರೆ ಬಂಧನ, ಖಾಲಿ ಕುರ್ಚಿ ಕಂಡರೆ ಇಲ್ಲದವರ ನೆನಪು, ಮುಖದ ಮೇಲೆ ನೆರಳು ಬಿದ್ದರೆ ಬಾಯಿಬಿಟ್ಟು ಹೇಳಲಾಗದ ಸಂಕಟ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ನೀವೂ ಒಂದು ಕಣ್ಣು ಮುಚ್ಚಿ ಪ್ರಪಂಚ ನೋಡುವುದನ್ನು ರೂಢಿ ಮಾಡಿಕೊಳ್ಳಿ, ಆಗ ಅರ್ಥಗಳು ತಾವಾಗಿ ಎದ್ದು ಬರುತ್ತವೆ ಎಂದರು. ಪ್ರಭುಸ್ವಾಮಿ ರೂಢಿ ಮಾಡಿಕೊಂಡ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಹಾಗೆ ಕಂಡ ಕಂಡದ್ದಕ್ಕೆಲ್ಲ ಅರ್ಥ ಹಚ್ಚಿದ. ಕಾಲೇಜ್ ಡೇ ಬಂದಾಗ ಬಾಡಿಗೆಗೆ ತಂದ ವಿಡಿಯೋ ಕ್ಯಾಮೆರಾವನ್ನು ತಾನೇ ಬೇಡಿ ಇಸಿದುಕೊಂಡು, ಪ್ರಿನ್ಸಿಪಾಲರ ಭಾಷಣವನ್ನು ಅದು ಮುಗಿಯುವವರೆಗೂ ಕ್ಯಾಮೆರಾ ಓರೆ ಹಿಡಿದು ಚಿತ್ರೀಕರಿಸಿದ. ವಿದ್ಯಾಸಂಸ್ಥೆಗಳು ವಾಲುತ್ತಿವೆ ಎಂಬುದು ಅದರ ಅರ್ಥ. ಕ್ಯಾಸೆಟ್ ಹಾಕಿದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಲೆಯನ್ನು ಭುಜಕ್ಕೆ ಆನಿಸಿಕೊಂಡು ಟೀವಿ ನೋಡಬೇಕಾಯಿತು. ಪ್ರಿನ್ಸಿಪಾಲರು ಒಳ್ಳೆಯವರು, ಸಿಟ್ಟಾಗಲಿಲ್ಲ. ಮಾರನೆಯ ದಿನ ಕರೆದು, ಕತ್ತು ಉಳುಕಿದ್ದರೆ ಪಿರಿಯಾಪಟ್ಟಣದ ಹತ್ತಿರ ಎಣ್ಣೆ ಹಾಕಿ ತೀಡುವವರೊಬ್ಬರಿದ್ದಾರೆ ಹೋಗಿ ಬನ್ನಿ ಎಂದು ವಿಳಾಸ ಕೊಟ್ಟರು. ಆ ವಿಳಾಸದ ಚೀಟಿ ಈಗಲೂ ಅವನ ಪರ್ಸಿನಲ್ಲಿದೆ. ಅದು ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಬಸ್ಸು ಊರು ದಾಟಿ ಹೊಲಗಳ ನಡುವೆ ಓಡತೊಡಗಿತು. ಶುಂಠಿ ಹಾಕಿದ ಹೊಲಗಳಲ್ಲಿ ಮಲಯಾಳಿಗಳ ನೀಲಿ ಟಾರ್ಪಾಲಿನ ಗುಡಿಸಲುಗಳು ಕಂಡವು. ಪ್ರಭುಸ್ವಾಮಿ ಅಭ್ಯಾಸಬಲದಿಂದ ಎಡಗಣ್ಣು ಮುಚ್ಚಿದ, ತೆರೆದ. ಹೋದ ವಾರವೂ ಇದೇ ದಾರಿಯಲ್ಲಿ, ಆದರೆ ಭಾವ ಉಮಾಶಂಕರನ ಜೀಪಿನಲ್ಲಿ ಬಂದಿದ್ದರು. ಅಕ್ಕನ ಗಂಡ ಉಮಾಶಂಕರನಿಗೆ ಸಂಬಂಧ ಕುದುರಿಸುವುದೆಂದರೆ ಊಟಕ್ಕಿಂತ ಹೆಚ್ಚು. ಹುಡುಗಿಯ ತಂದೆ ರುದ್ರಸ್ವಾಮಿಗೆ ಸಂತೆ ಬೀದಿಯಲ್ಲಿ ಹಗ್ಗ, ನೇಗಿಲು, ಬಿತ್ತನೆ ಬೀಜದ ಅಂಗಡಿ, ಹಿಂದೆ ನಾಲ್ಕು ಎಕರೆ ಹೊಲ, ಹುಡುಗಿ ಡಿಗ್ರಿ ಮಾಡಿ ಅಂಗಡಿಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಾಳೆ ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದ. ಒಳಗೆ ಹೋಗಿ ಕೂತಾಗ ಪ್ರಭುಸ್ವಾಮಿಗೆ ಮೊದಲು ಕಂಡದ್ದು ಕಿಟಕಿ. ಹಳೆಯ ಹೆಂಚಿನ ಮನೆಗೆ ಸ್ವಲ್ಪವೂ ಹೊಂದದ, ಹೊಸದಾಗಿ ಬೆಸುಗೆ ಹಾಕಿದ ಕಬ್ಬಿಣದ ಕಂಬಿ. ಎದೆಯೊಳಗೆ ಏನೋ ಟಿಕ್ ಎಂದಿತು. ಆಮೇಲೆ ಆ ಕುರ್ಚಿ. ಆಮೇಲೆ ಅವಳು ಬಂದಳು, ತಟ್ಟೆ ಹಿಡಿದು, ಕಣ್ಣು ಕೆಂಪಗೆ, ರೆಪ್ಪೆಯಲ್ಲಿ ಇನ್ನೂ ನೀರು. ತಟ್ಟೆ ಇಟ್ಟವಳು ಎಲ್ಲರೂ ತೋರಿಸಿದ ಜಾಗ ಬಿಟ್ಟು ಸರಿದು, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನಿಂತುಬಿಟ್ಟಳು, ಮುಖವೆಲ್ಲ ಕತ್ತಲು. ಪ್ರಭುಸ್ವಾಮಿ ಒಂದು ಕಣ್ಣು ಮುಚ್ಚಿ ನೋಡಿದ. ಫ್ರೇಮು ಅಷ್ಟು ಅಚ್ಚುಕಟ್ಟಾಗಿ ಕೂಡಿಬಂದಿತ್ತು. ಕಂಬಿಯ ಹಿಂದಿನ ಹೆಣ್ಣು, ಅತ್ತ ಕಣ್ಣು, ಕತ್ತಲಾದ ಮುಖ, ಮನಸ್ಸಿನಲ್ಲಿರುವ ಇನ್ಯಾರಿಗೋ ಕಾದಿರುವ ಖಾಲಿ ಕುರ್ಚಿ. ಇನ್ನು ಹೇಳುವುದಕ್ಕೆ ಏನು ಉಳಿದಿದೆ? ಈ ಹುಡುಗಿಗೆ ಈ ಮದುವೆ ಬೇಡ. ಇಡೀ ಮನೆಯಲ್ಲಿ ಅದನ್ನು ಓದಬಲ್ಲವನು ತಾನೊಬ್ಬನೇ.

ವಾಪಸು ಬರುವಾಗ ಜೀಪಿನಲ್ಲೇ ಬೇಡವೆಂದುಬಿಟ್ಟ. ಕಾರಣ ಕೇಳಿದಾಗ ಕಿಟಕಿ, ಕುರ್ಚಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಅಂದ. ಉಮಾಶಂಕರ ಸ್ಟೇರಿಂಗ್ ಗುದ್ದಿದ. ‘ಹುಡುಗಿ ನೋಡ್ಲಾ ಅಂದ್ರೆ ಕಿಟಕಿ ನೋಡ್ಕಂಡು ಬಂದವ್ನೆ. ನಿಂಗೆ ಹೆಣ್ಣು ಬ್ಯಾಡ ಕಣ, ಬಡಗಿ ಬೇಕು’ ಎಂದ. ತಾಯಿ ಪುಟ್ಟಮಲ್ಲಮ್ಮ ಮಾತ್ರ ಏನೂ ಅನ್ನಲಿಲ್ಲ. ಹುಡುಗಿಯ ಮನೆಯ ಕಜ್ಜಾಯವನ್ನು ಅವಳು ಹೊಗಳಿದ್ದಕ್ಕೆ ಆ ಮನೆಯ ಯಜಮಾನಿ ಸಿದ್ದಲಿಂಗಮ್ಮ ಒಂದು ಡಬ್ಬಿ ತುಂಬಿ ಕೊಟ್ಟಿದ್ದಳು. ವಾರವಿಡೀ ಆ ಡಬ್ಬಿಯಿಂದ ಕಜ್ಜಾಯ ಕದ್ದು ತಿಂದವನು ಪ್ರಭುಸ್ವಾಮಿಯೇ. ತಿನ್ನುವಾಗ ತನ್ನ ತ್ಯಾಗದ ಬಗ್ಗೆ ಯೋಚಿಸುತ್ತಿದ್ದ. ಒಂದು ಹೆಣ್ಣನ್ನು ಬಂಧನದಿಂದ ಬಿಡಿಸಿ, ಯಾರಿಗೂ ಹೇಳದೆ, ಸಂಜೆಯ ಬೆಳಕಿನಲ್ಲಿ ಒಬ್ಬನೇ ನಡೆದು ಹೋಗುವ ತನ್ನ ಬೆನ್ನು ಅವನಿಗೆ ಲಾಂಗ್ ಶಾಟಿನಲ್ಲಿ ಕಾಣುತ್ತಿತ್ತು, ಬಹಳ ಚೆನ್ನಾಗಿ ಕಾಣುತ್ತಿತ್ತು. ಅದು ಚೆನ್ನಾಗಿ ಕಾಣುತ್ತಿದೆಯಲ್ಲ ಎಂಬುದೇ ಒಳಗೊಳಗೇ ಚುಚ್ಚುತ್ತಿತ್ತು. ಇವತ್ತು ಬೆಳಿಗ್ಗೆ ಅವ್ವ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಬೇಡ ಅನ್ನುವುದಾದರೆ ನೀನೇ ಹೋಗಿ ನಿನ್ನ ಬಾಯಲ್ಲೇ ಹೇಳಿ ಬಾ, ನಿನ್ನ ಮಾತು ಹೊತ್ತುಕೊಂಡು ಹೋಗೋಕೆ ನಮಗೆಲ್ಲ ನಾಚಿಕೆ ಎಂದಳು. ಡಬ್ಬಿ ಭಾರವಾಗಿತ್ತು. ‘ಬರೀ ಪಾತ್ರೆ ಕೊಡಬಾರ್ದು ಕಣಪ್ಪ, ಅದ್ಕೆ ಏನೋ ಒಂದಿಷ್ಟು ಹಾಕಿವ್ನಿ. ನೀನು ಮುಚ್ಚಳ ತಗೀಬ್ಯಾಡ, ಹೆಂಗಸ್ರು ಕೈಗೆ ಕೊಡು’ ಎಂದಳು. ಹಾಸ್ಟೆಲುಗಳಲ್ಲಿ ಬೆಳೆದ ಪ್ರಭುಸ್ವಾಮಿ ಅಡುಗೆಮನೆಯ ಶಾಸ್ತ್ರಗಳಿಗೆ ಎಂದೂ ತಲೆ ಹಾಕಿದವನಲ್ಲ. ಹೂಂ ಎಂದು ಹೊರಟ.

ಬಸ್ಸಿನಲ್ಲಿ ಎಷ್ಟು ಹೊತ್ತಾದ ಮೇಲೋ ಗಮನಿಸಿದ, ಡಬ್ಬಿಯ ಮುಚ್ಚಳದ ಸಂದಿನಲ್ಲಿ ಇರುವೆಗಳು. ಸೀಟಿನ ಕಬ್ಬಿಣದ ಕಾಲಿನಿಂದ ಏರಿ, ಅವನ ಪ್ಯಾಂಟಿನ ಮೇಲೆ ಸಾಲು ಕಟ್ಟಿ, ಡಬ್ಬಿಯ ಮೇಲೆ ಕೆತ್ತಿಸಿದ್ದ ರುದ್ರಸ್ವಾಮಿಯ ಹೆಸರಿನ ಅಕ್ಷರಗಳನ್ನು ಹಾಯ್ದು ಸುತ್ತುತ್ತಿದ್ದವು. ಪ್ರಭುಸ್ವಾಮಿ ಬಗ್ಗಿ ಕ್ಲೋಸಪ್ಪಿನಲ್ಲಿ ನೋಡಿದ. ಪಾಪಪ್ರಜ್ಞೆ ಎಂದುಕೊಂಡ. ಸಣ್ಣ ಸಣ್ಣ ಕಾಲುಗಳಲ್ಲಿ ಬಂದು ಮನುಷ್ಯನ ಹೆಸರನ್ನೇ ತಿಂದುಹಾಕುವ ಪಾಪಪ್ರಜ್ಞೆ. ಪಕ್ಕದಲ್ಲಿ ಸಂತೆಗೆ ಹೊರಟಿದ್ದ ಎಲೆಯಡಿಕೆಯ ಮುದುಕಿ ಕೆಂಪಾಜಮ್ಮ, ಹತ್ತಿದಾಗಲೇ ತನ್ನ ಹೆಸರು ಹೇಳಿ ಅವನ ಊರು ಕೇರಿ ವಿಚಾರಿಸಿದ್ದವಳು, ಒಂದು ಸಲ ಡಬ್ಬಿಯನ್ನೂ ಒಂದು ಸಲ ಅವನ ಮುಖವನ್ನೂ ನೋಡಿ ನಕ್ಕು, ಒಳ್ಳೇ ಕೆಲಸಕ್ಕೆ ಹೋಗ್ತಿದ್ದೀಯ ಮಗಾ ಎಂದಳು. ಅವಳಿಗೇನು ಗೊತ್ತು ಎಂದು ಅವನು ಕಿಟಕಿಯ ಹೊರಗೆ ನೋಡಿದ. ಒಂದು ಇರುವೆ ಮೊಣಕಾಲಿನ ಹಿಂದೆ ಕಚ್ಚಿದಾಗ ಪಾಪಪ್ರಜ್ಞೆಯ ವಿಚಾರ ಅಲ್ಲಿಗೆ ನಿಂತಿತು.

ಅಂತರಸಂತೆಯಲ್ಲಿ ಸಂತೆ ಜೋರಾಗಿತ್ತು. ಹಸಿಮೆಣಸಿನಕಾಯಿ ಗುಡ್ಡೆಗಳ ನಡುವೆ, ಕೋಳಿಗಳನ್ನು ತಲೆಕೆಳಗಾಗಿ ಹಿಡಿದು ನಿಂತವರ ನಡುವೆ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಡೆದ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ: ನಿಮ್ಮ ಮಗಳಲ್ಲಿ ಕೊರತೆಯಿಲ್ಲ, ಕೊರತೆ ನನ್ನದು. ಅಂಗಡಿಯಲ್ಲಿ ಹಗ್ಗ ಅಳೆಯುತ್ತಿದ್ದ ರುದ್ರಸ್ವಾಮಿ ಅವನನ್ನು ಕಂಡು ಅಳತೆಕೋಲು ಬಿಟ್ಟು ಎದ್ದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಬನ್ನಿ ಮೇಷ್ಟ್ರೆ ಎಂದು ಬಾಯಲ್ಲಿ ಕರೆದರೂ ಮುಖದಲ್ಲಿ ಏನೋ ಅನುಮಾನ. ಅಂಗಡಿಯ ಹಿಂದೆಯೇ ಮನೆ. ಒಳಗೆ ಕೂರಿಸಿ, ತಾನು ಎದುರಿಗೆ ಕೂರದೆ ಎಡಗಡೆಗೆ ಸರಿದು, ಸದ್ದಿಲ್ಲದೆ ಅವನ ಕಿವಿಯ ಹಿಂದಿನಿಂದ ಕೈ ಆಡಿಸಿದ. ನೊಣ ಓಡಿಸುತ್ತಿರಬೇಕೆಂದು ಪ್ರಭುಸ್ವಾಮಿ ಸುಮ್ಮನಿದ್ದ. ಆಮೇಲೆ ರುದ್ರಸ್ವಾಮಿ, ಗಂಟೆ ಎಷ್ಟಾಯಿತು ನೋಡಿ ಎಂದ. ಗಡಿಯಾರ ರುದ್ರಸ್ವಾಮಿಯ ಕೈಯಲ್ಲೇ ಇತ್ತು. ಪ್ರಭುಸ್ವಾಮಿ ಗೋಡೆಯ ಗಡಿಯಾರ ನೋಡಿ ಹೇಳಿದ. ರುದ್ರಸ್ವಾಮಿ, ಆ ಕ್ಯಾಲೆಂಡರಿನಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದಿದ್ದಾರಲ್ಲ, ಏನದು ಎಂದ. ಪ್ರಭುಸ್ವಾಮಿ ಓದಿದ, ಗೊಬ್ಬರದ ಕಂಪನಿಯ ಶುಭಾಶಯ. ಕಾಲ ಮುಗಿಯುತ್ತಿದೆ ಎಂಬುದನ್ನು ಈ ಮುದುಕ ಎಷ್ಟು ಸೂಕ್ಷ್ಮವಾಗಿ ಸೂಚಿಸುತ್ತಿದ್ದಾನೆ, ಹೇಳುವುದಿದ್ದರೆ ಬೇಗ ಹೇಳು ಎನ್ನುತ್ತಿದ್ದಾನೆ ಎಂದುಕೊಂಡು ಅವನು ಬಾಯಿ ತೆರೆದ.

ಅಷ್ಟರಲ್ಲಿ ಸಿದ್ದಲಿಂಗಮ್ಮ ಬಂದು, ಅಯ್ಯೋ ಡಬ್ಬಿ ತರೋಕೆ ಇಷ್ಟು ದೂರ ಬರಬೇಕಿತ್ತೆ ಎನ್ನುತ್ತಾ ಅದನ್ನು ಇಸಿದುಕೊಂಡಳು. ಕೈಯಲ್ಲಿ ತೂಗಿ ನೋಡಿದಳು, ಇರುವೆಗಳನ್ನು ಸೆರಗಿನಿಂದ ಕೊಡವಿದಳು, ಮುಚ್ಚಳ ತೆಗೆದಳು. ಅವಳ ಮುಖ ಅರಳಿತು. ಪ್ರಭುಸ್ವಾಮಿಯೂ ಕತ್ತು ನೀಡಿ ನೋಡಿದ. ಡಬ್ಬಿಯ ತುಂಬ ಬೆಲ್ಲದಚ್ಚು, ಮೇಲೆ ಒಂದು ಇಡೀ ಗಿಟುಕು ಕೊಬ್ಬರಿ. ಆ ಸೀಮೆಯ ಮನೆಗಳಲ್ಲಿ ಹೆಣ್ಣು ನೋಡಿದ ಮೇಲೆ ಬಾಯಿಬಿಟ್ಟು ಒಲ್ಲೆ ಎಂದು ಯಾರೂ ಯಾರ ಮನಸ್ಸನ್ನೂ ನೋಯಿಸುತ್ತಿರಲಿಲ್ಲ. ಹೋದ ಪಾತ್ರೆ ಅಕ್ಕಿಯೊಂದಿಗೆ ತಿರುಗಿ ಬಂದರೆ ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ. ಬೆಲ್ಲ ಕೊಬ್ಬರಿಯೊಂದಿಗೆ ಬಂದರೆ ಒಪ್ಪಿಗೆ. ಅಡುಗೆಮನೆಗೆ ಕಾಲಿಟ್ಟ ಯಾವ ಹೆಣ್ಣುಮಗಳಿಗೂ ಗೊತ್ತಿದ್ದ ಈ ವಿಷಯ, ಬಸ್ಸಿನ ಮುದುಕಿಗೆ ಇರುವೆ ಕಂಡೇ ಹೊಳೆದಿದ್ದ ವಿಷಯ, ಈಗ ಸಿದ್ದಲಿಂಗಮ್ಮನ ಬಾಯಿಂದ ಅವನಿಗೆ ಗೊತ್ತಾಯಿತು. ಹುಣಸೂರಿಂದ ಅಂತರಸಂತೆವರೆಗೆ ತನ್ನ ಒಪ್ಪಿಗೆಯನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ, ಬಂದು ಕೊಟ್ಟೂ ಆಗಿತ್ತು. ಬಾಯಿಪಾಠ ಮಾಡಿದ್ದ ಮಾತು ನಾಲಿಗೆಯ ತುದಿಯಲ್ಲೇ ಒಣಗಿತು. ಅವ್ವನ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ, ಯಾಕೆಂದು ಅವನಿಗೂ ತಿಳಿಯದ ಹಾಗೆ, ಹೊಟ್ಟೆಯೊಳಗೆ ಒಂದು ತಣ್ಣನೆಯ ಸಂತೋಷ. ಆ ಸಂತೋಷಕ್ಕೆ ಹೆದರಿದ. ಬಿಡಿಸುತ್ತೇನೆಂದು ಬಂದವನು ತಾನೇ ಕಂಬಿಗೆ ಬೀಗ ಹಾಕಿದಂತಾಯಿತಲ್ಲ. ಮನೆಯವರೂ ಪೂರ್ತಿ ಹಿಗ್ಗಿದಂತೆ ಕಾಣಲಿಲ್ಲ. ಸಿದ್ದಲಿಂಗಮ್ಮ ಗಂಡನ ಕಡೆ ನೋಡಿದಳು, ಗಂಡ ಪ್ರಭುಸ್ವಾಮಿಯ ಮುಖದ ಎಡಭಾಗವನ್ನು ನೋಡಿದ. ಪ್ರಭುಸ್ವಾಮಿ ಎದ್ದು ನಿಂತು, ತನಗೇ ಗುರುತಾಗದ ದನಿಯಲ್ಲಿ, ನಿಮ್ಮ ಮಗಳ ಹತ್ತಿರ ಒಂದು ಮಾತಾಡಬೇಕು ಎಂದ. ಅದು ಅಲ್ಲಿ ನಡೆಯದ ಮಾತು. ರುದ್ರಸ್ವಾಮಿ ಒಂದು ಗಳಿಗೆ ಯೋಚಿಸಿ, ಅವಳಿಗೂ ನಿಮ್ಮನ್ನೊಂದು ಕೇಳಬೇಕಂತೆ ಎಂದವನು ಹೆಂಡತಿಯನ್ನು ಕರೆದುಕೊಂಡು ಒಳಗೆ ಹೋದ. ಬಾಗಿಲು ಮಾತ್ರ ತೆರೆದೇ ಇತ್ತು.

ಶಾಂತಲಾ ಅಂಗಡಿಯ ಕಡೆಯಿಂದ ಬಂದಳು, ಕೈಗೆ ಬೀಜದ ಚೀಲದ ಧೂಳು. ಬಂದವಳು ಮತ್ತೆ ಅದೇ ಜಾಗದಲ್ಲಿ, ಕಿಟಕಿಗೆ ಬೆನ್ನು ಕೊಟ್ಟು ನಿಂತಳು. ಅವನು ಮುಖ ತಗ್ಗಿಸಿ, ನಾನು ಬಂದದ್ದು ಬೇಡ ಎಂದು ಹೇಳುವುದಕ್ಕೆ ಎಂದ.

‘ಬೆಲ್ಲ ಕೊಬ್ರಿ ತಗಂಡು ಬ್ಯಾಡ ಅನ್ನಕ್ಕೆ ಬಂದ್ರಾ?’

ಅವಳ ದನಿಯಲ್ಲಿ ಅಳುವಿರಲಿಲ್ಲ, ಬರೀ ಆಶ್ಚರ್ಯ. ಅವನು ತೊದಲುತ್ತಾ ಎಲ್ಲ ಹೇಳಿದ. ಶಿಬಿರ, ಗುರುಗಳು, ಕಂಬಿ, ಕುರ್ಚಿ, ಕಣ್ಣೀರು. ನಿಮ್ಮ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆ, ನಿಮ್ಮನ್ನು ಬಲವಂತದಿಂದ ನಿಲ್ಲಿಸಿದ್ದಾರೆ ಎಂದುಕೊಂಡೆ ಎಂದ. ಹೇಳುತ್ತಾ ಹೇಳುತ್ತಾ, ಜೀಪಿನಲ್ಲಿ ಅಷ್ಟು ಗಟ್ಟಿಯಾಗಿದ್ದ ಅರ್ಥಗಳು ಒಂದೊಂದೇ ಪುಡಿಯಾಗುತ್ತಿರುವುದು ಅವನಿಗೇ ಕೇಳಿಸಿತು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಳುತ್ತಿದ್ದಾಳೆ ಎಂದುಕೊಂಡ, ಭುಜ ಕುಲುಕಿದಾಗ ನಗುತ್ತಿದ್ದಾಳೆ ಎಂದು ತಿಳಿಯಿತು. ಕಂಬಿ ತಾನೇ ಹಾಕಿಸಿದ್ದು ಎಂದಳು. ಕಾಡಿನಿಂದ ಕೋತಿಗಳು ಬಂದು ಅಡುಗೆಮನೆಯಲ್ಲಿ ಏನೂ ಉಳಿಸುತ್ತಿರಲಿಲ್ಲವಂತೆ. ಅದು ಕೋತಿ ಒಳಗೆ ಬಾರದಿರಲಿ ಎಂದು, ತಾನು ಹೊರಗೆ ಹೋಗದಿರಲಿ ಎಂದಲ್ಲ. ಕುರ್ಚಿಯ ಕಾಲು ಮುರಿದಿತ್ತು, ಬೀಗರು ಬರುವ ದಿನ ಬೆಳಿಗ್ಗೆಯೇ ಅಪ್ಪ ಅದರ ಮೇಲೆ ಕೂತು ಬಿದ್ದಿದ್ದರು, ಬಂದವರು ಬೀಳದಿರಲಿ ಎಂದು ಗೋಡೆಗೆ ಒರಗಿಸಿಟ್ಟಿದ್ದರು. ಇನ್ನು ಕಣ್ಣೀರು, ಉಪ್ಪಿಟ್ಟಿಗೆ ಅಷ್ಟು ಈರುಳ್ಳಿ ಹಾಕಿದ್ದು ಬಾಯಿಗೆ ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಅವನಿಗೆ ಉಪ್ಪಿಟ್ಟಿನ ರುಚಿಯೂ ನೆನಪಿರಲಿಲ್ಲ. ಸೋತವನಿಗೆ ಒಂದೇ ಒಂದು ಹುಲ್ಲುಕಡ್ಡಿ ಉಳಿದಿತ್ತು. ಅವತ್ತೂ ಇವತ್ತೂ ಮುಖವನ್ನು ಕತ್ತಲಲ್ಲಿಟ್ಟುಕೊಂಡು ನಿಂತಿದ್ದೀರಲ್ಲ, ಅದು ಯಾಕೆ ಎಂದ.

‘ನೀವು ನನ್ನ ನೋಡಕ್ಕೆ ಬಂದಿದ್ರಿ. ನಾನೂ ನಿಮ್ಮ ನೋಡ್ಬೇಕಲ್ವಾ? ಬೆಳಕು ನನ್ನ ಬೆನ್ನಿಗೆ ಬಿದ್ರೆ ನಿಮ್ಮ ಮುಖ ಚೆನ್ನಾಗಿ ಕಾಣ್ತದೆ, ಅದ್ಕೆ ಇಲ್ಲಿ ನಿಂತ್ಕಂಡೆ.’

ಪ್ರಭುಸ್ವಾಮಿ ಪಕ್ಕದಲ್ಲಿದ್ದ ಕುರ್ಚಿಯ ಮೇಲೆ ಕುಸಿದು ಕೂತ. ಅದು ಅದೇ ಕುರ್ಚಿ, ಕಾಲಿಗೆ ಹೊಸ ಕಟ್ಟಿಗೆಯ ತೇಪೆ ಹೊಡೆದಿತ್ತು, ಕಿರ್ರೆಂದರೂ ತಡೆಯಿತು. ಅಂದರೆ ಆ ದಿನವೆಲ್ಲ ಕ್ಯಾಮೆರಾ ಇದ್ದದ್ದು ಕಿಟಕಿಯ ಹತ್ತಿರ. ಬೆಳಕಿನಲ್ಲಿ, ತಟ್ಟೆ ಹಿಡಿದು, ಉಪ್ಪಿಟ್ಟು ಮೆತ್ತಿದ ಮೀಸೆಯಲ್ಲಿ, ಘನ ಗಂಭೀರವಾಗಿ ಸಿಕ್ಕಿಬಿದ್ದದ್ದು ಅವನು. ಯಾವ ಕೋನದಿಂದ ಎಂದು ಯೋಚಿಸಿದ. ಅವಳು ನಿಂತಿದ್ದಳು, ಅವನು ಚಾಪೆಯ ಮೇಲಿದ್ದ. ಮೇಲಿನಿಂದ. ಅವನಿಗೆ ನಗು ಬಂತು, ಶಿಬಿರದಿಂದ ಬಂದ ಮೇಲೆ ಮೊದಲ ಸಲ ಅರ್ಥವಿಲ್ಲದೆ ನಕ್ಕ. ಅವಳು ನಗಲಿಲ್ಲ. ಈಗ ಅವಳ ಸರದಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು.

‘ನಿಮ್ಮ ಎಡಗಣ್ಣಿಗೆ ಏನಾಗದೆ? ಹುಟ್ಟಿದಾಗ್ಲಿಂದ್ಲೂ ಕಾಣಲ್ವಾ, ಈಚೆಗಾ?’

ಅವನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿಯ ಹಿಂದಿನ ನೊಣ, ಗಡಿಯಾರ, ಕ್ಯಾಲೆಂಡರು ಎಲ್ಲವೂ ಒಟ್ಟಿಗೆ ಬಂದು ತಲೆಯ ಮೇಲೆ ಬಿದ್ದವು. ಅವತ್ತು ನೀವು ಆ ಕಣ್ಣನ್ನು ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು ಎಂದಳು. ವಾರವೆಲ್ಲ ಮನೆಯಲ್ಲಿ ಅದೇ ಮಾತಾಗಿತ್ತು. ಹುಡುಗನ ಕಡೆಯವರು ಮುಚ್ಚಿಟ್ಟಿದ್ದಾರೆ ಎಂದು ಅಪ್ಪ, ಮುಂದೆ ಇನ್ನೊಂದೂ ಹೋದರೆ ಎಂದು ಅವ್ವ. ಡಬ್ಬಿ ಬರಲಿ, ಬೆಲ್ಲವೇ ಇದ್ದರೂ ನಾವು ಒಲ್ಲೆ ಅನ್ನೋಣ ಎಂದು ಅಪ್ಪ ತೀರ್ಮಾನ ಮಾಡಿದ್ದರು. ಕಣ್ಣು ಸರಿಯಾಗಿದೆ, ಮುಚ್ಚುವುದು ಶಿಬಿರದಲ್ಲಿ ಕಲಿತ ಚಾಳಿ ಎಂದು ಪ್ರಭುಸ್ವಾಮಿ ತಡವರಿಸಿದ. ಬೇಡವೆನ್ನಲು ಬಂದವನಿಗೆ ಬೇಡವೆನ್ನಿಸಿಕೊಳ್ಳುವ ಭಯ ಎಂಥದೆಂದು ಆಗ ಗೊತ್ತಾಯಿತು, ತನಗೆ ಈ ಹುಡುಗಿ ಬೇಕು ಎಂಬುದೂ ಅದರ ಜೊತೆಯಲ್ಲೇ ಗೊತ್ತಾಯಿತು. ನೀವೇನಂದಿರಿ ಎಂದು ಕೇಳಿದ.

ಅವಳು ಕಿಟಕಿಯ ಕಂಬಿಯನ್ನು ಉಗುರಿನಿಂದ ಕೆರೆದಳು. ‘ಇದುವರ್ಗೂ ಬಂದೋರೆಲ್ಲ ಅಂಗಡಿ ನೋಡಿದ್ರು, ಹೊಲ ಎಷ್ಟು ಅಂತ ಕೇಳಿದ್ರು. ಇವ್ರು ಒಂದು ಕಣ್ಣಲ್ಲಾದ್ರೂ ಅಷ್ಟು ಹೊತ್ತೂ ನನ್ನ ಕಡೆನೇ ನೋಡಿದ್ರು, ನಂಗೆ ಅಷ್ಟು ಸಾಕು, ಹೂಂ ಅನ್ನು ಅಂತ ಅಪ್ಪಂಗೆ ಹೇಳಿದ್ದೆ’ ಎಂದಳು.

ಅಷ್ಟು ಹೊತ್ತೂ ತಾನು ನೋಡಿದ್ದು ಕಿಟಕಿಯನ್ನು ಎಂಬುದು ಅವನಿಗೆ ಗೊತ್ತಿತ್ತು. ಅವಳಿಗೂ ಈಗ ಗೊತ್ತಿತ್ತು. ಆದರೂ ಹೇಳಿದ್ದಳು. ಪ್ರಭುಸ್ವಾಮಿಯ ಕಣ್ಣು ತುಂಬಿತು, ಎರಡೂ. ಈರುಳ್ಳಿ ಎಲ್ಲೂ ಇರಲಿಲ್ಲ. ಕುರ್ಚಿಯಿಂದ ಎದ್ದು ಕಿಟಕಿಯ ಪಕ್ಕದ ಗೋಡೆಯ ಕಡೆ ಸರಿದು ನಿಂತು, ಜಾಗ ಅದಲು ಬದಲು ಮಾಡಿಕೊಳ್ಳೋಣ, ನೀವು ಈ ಕಡೆ ಬೆಳಕಿಗೆ ತಿರುಗಿ ನಿಲ್ಲುತ್ತೀರಾ ಎಂದು ಕೇಳಿದ. ಯಾಕೆ ಎಂದಳು. ‘ನಾನಿನ್ನೂ ನಿಮ್ಮ ಮುಖ ನೋಡಿಲ್ಲ’ ಎಂದ.

ಅವಳು ತಿರುಗಿದಳು. ಸಂತೆಯ ಗದ್ದಲದ ಜೊತೆಗೆ ಮಧ್ಯಾಹ್ನದ ಬೆಳಕು ಕಂಬಿಗಳ ನಡುವಿನಿಂದ ಬಂದು ಅವಳ ಮೇಲೆ ಬಿತ್ತು, ಕಂಬಿಯ ನೆರಳೂ ಬಿತ್ತು, ಅವನು ಅದರ ಗೊಡವೆಗೆ ಹೋಗಲಿಲ್ಲ. ಅಗಲವಾದ ಹಣೆ. ಒಂದು ಹುಬ್ಬಿನ ಮೇಲೆ ರಾಗಿ ಹಿಟ್ಟಿನ ಬಣ್ಣದ ಧೂಳು. ಕೆಳದುಟಿಯ ಕೆಳಗೆ ಸಣ್ಣದೊಂದು ಗಾಯದ ಕಲೆ. ನಗು ತಡೆದುಕೊಂಡಿದ್ದ ಬಾಯಿ. ಅದಕ್ಕೆಲ್ಲ ಏನರ್ಥ ಎಂದು ಅವನು ಕೇಳಿಕೊಳ್ಳಲಿಲ್ಲ, ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಾ ನಿಂತ. ಅವಳು ಹತ್ತಿರ ಬಂದು, ಮೊದಲು ಒಂದು ಕಣ್ಣನ್ನು, ಆಮೇಲೆ ಇನ್ನೊಂದನ್ನು, ಅಂಗಡಿಯಲ್ಲಿ ಬಿತ್ತನೆಬೀಜ ಪರೀಕ್ಷಿಸುವ ಹಾಗೆ ಬಗ್ಗಿ ನೋಡಿದಳು. ಆಮೇಲೆ ಬಾಗಿಲ ಕಡೆ ಮುಖ ಮಾಡಿ, ಒಳಗೆ ಉಸಿರು ಬಿಗಿಹಿಡಿದು ಕೂತಿದ್ದವರಿಗೆ ಕೇಳುವಂತೆ ಹೇಳಿದಳು:

‘ಎರಡೂ ಕಾಣ್ತವೆ ಕಣಪ್ಪ. ಕಾಫಿಗೆ ಇಡಕ್ಕೆ ಹೇಳು ಅವ್ವಂಗೆ.’